ಕೀಲುಬೇನೆಗಳಲ್ಲಿ ಯಾವುದು ಯಾವುದು: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳಲ್ಲಿ ಔಷಧಿಯ ಪ್ರಮಾಣ ಬರೆದಿರುವುದು ವೈದ್ಯರು ಕೊಟ್ಟ ಚೀಟಿ ಅರ್ಥವಾಗಲಿ ಎಂದು. ಅದನ್ನು ನೋಡಿ ಅಂಗಡಿಗೆ ಹೋಗಿ ತಾವೇ ಗುಳಿಗೆ ಕೊಳ್ಳುವಂತಿಲ್ಲ.

## ಮೊದಲು ಗುರುತು ಹಿಡಿಯುವುದು

ವಾಯು, ಸಂಧಿವಾತ, ಆಮವಾತ, ಅರ್ಥ್ರೈಟಿಸ್, ಇವೆಲ್ಲಾ ಒಂದೇ ಏನ್ರಿ?

ಅಲ್ಲ. ಅರ್ಥ್ರೈಟಿಸ್ ಅಂದರೆ ಜ್ವರ ಅಂದ ಹಾಗೆ. ಯಾವ ಜ್ವರ ಅಂತ ತಿಳಿಯದೆ ಮದ್ದು ಕೊಡಲು ಬರುವುದಿಲ್ಲ. ಆ ಹೆಸರಿನಡಿ ನೂರಕ್ಕೂ ಹೆಚ್ಚು ಕಾಯಿಲೆಗಳಿವೆ. ನಮ್ಮ ಕಡೆ ಹೆಚ್ಚಾಗಿ ಕಾಣುವವು ಇಷ್ಟು: ಕೀಲಿನ ಮೃದ್ವಸ್ಥಿ (ಎಲುಬಿನ ತುದಿಯ ಮೆತ್ತನೆಯ ಪದರ) ಸವೆಯುವ ಆಸ್ಟಿಯೋಆರ್ಥ್ರೈಟಿಸ್, ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ಬೀಳುವ ರುಮಟಾಯ್ಡ್, ಯೂರಿಕ್ ಆಸಿಡ್ ಹರಳು ಕೂರುವ ಗೌಟ್, ಬೆನ್ನುಮೂಳೆ ಹಿಡಿಯುವ ಸ್ಪಾಂಡಿಲೈಟಿಸ್, ಮತ್ತೆ ಸೋಂಕಿನಿಂದ ಬರುವವು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ರುಮಟಾಯ್ಡ್ ಇರುವವರು ಸವೆತದ ಬೇನೆ ಅಂದುಕೊಂಡು ಎರಡು ವರ್ಷ ಎಣ್ಣೆ ತಿಕ್ಕುತ್ತ ಕೂತರೆ ಬೆರಳು ಸೊಟ್ಟಗಾಗಿಬಿಡುತ್ತವೆ, ಆಮೇಲೆ ಅವು ನೆಟ್ಟಗಾಗುವುದಿಲ್ಲ.

ಮನ್ಯಾಗ ಕುಂತೇ ಯಾವ ಬ್ಯಾನಿ ಅಂತ ಅಂದಾಜು ಮಾಡಲಾಕ ಬರ್ತದೇನ್ರಿ?

ಖಚಿತವಾಗಿ ಬರುವುದಿಲ್ಲ, ಆದರೆ ಅಂದಾಜು ಮಾಡಬಹುದು. ಮೂರು ಸಂಗತಿ ನೋಡಿಕೊಳ್ಳಿ.

ಮೊದಲನೆಯದು ಹೊತ್ತು. ಎದ್ದ ಮೇಲೆ ಕೀಲು ಬಿಗಿಯಾಗಿದ್ದು ಅರ್ಧ ತಾಸಿನೊಳಗೆ ಸಡಿಲಾಗಿ, ಕೆಲಸ ಮಾಡಿದಷ್ಟೂ ಸಂಜೆಗೆ ನೋವು ಏರಿದರೆ ಸವೆತದ ಕಡೆ ವಾಲುತ್ತದೆ. ಬಿಗಿತ ಒಂದು ತಾಸಿಗೂ ಮೀರಿ ಉಳಿದು, ಕೈಕಾಲು ಆಡಿಸಿದಂತೆ ಆರಾಮ ಎನಿಸಿದರೆ ಉರಿಯೂತದ ಕಡೆ.

ಎರಡನೆಯದು ಜಾಗ. ಮೊಣಕಾಲು, ಸೊಂಟ, ಹೆಬ್ಬೆರಳ ಬುಡ, ಉಗುರಿನ ಹತ್ತಿರದ ಗೆಣ್ಣು, ಇವು ಸವೆತದವು. ಎರಡೂ ಕೈಯ ಮಣಿಕಟ್ಟು, ಬೆರಳ ಬುಡದ ಗೆಣ್ಣು, ಪಾದದ ಮುಂಭಾಗ ಒಟ್ಟಿಗೆ ಹಿಡಿದರೆ ರುಮಟಾಯ್ಡ್ ಅನುಮಾನ. ಕಾಲಿನ ಹೆಬ್ಬೆರಳು ಒಂದೇ ಆದರೆ ಗೌಟ್.

ಮೂರನೆಯದು ವೇಗ. ವರ್ಷಗಟ್ಟಲೆ ನಿಧಾನಕ್ಕೆ ಬಂದದ್ದು ಸವೆತ, ವಾರ-ತಿಂಗಳಲ್ಲಿ ಬಂದದ್ದು ರುಮಟಾಯ್ಡ್, ಒಂದು ರಾತ್ರಿಯಲ್ಲಿ ಬಂದದ್ದು ಗೌಟ್ ಇಲ್ಲವೇ ಸೋಂಕು. ಬಾವನ್ನು ಮುಟ್ಟಿಯೂ ನೋಡಿ: ಸವೆತದ ಗಂಟು ಎಲುಬಿನಂತೆ ಗಟ್ಟಿ, ಉರಿಯೂತದ ಬಾವು ಮೆತ್ತಗೆ, ಬೆಚ್ಚಗೆ.

ಒಂದೇ ಕೀಲು ಕೆಂಪಗಾಗಿ ಸುಡಲಾಕತ್ತದ, ಜ್ವರಾನೂ ಅದ. ಎರಡು ದಿನ ನೋಡೋಣೇನ್ರಿ?

ನೋಡಬೇಡಿ. ಅದೇ ದಿನ ದವಾಖಾನೆಗೆ ಹೋಗಿ. ಕೀಲಿನೊಳಗೆ ಕೀವು ತುಂಬಿದ್ದರೆ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ವಿಷ ರಕ್ತಕ್ಕೇರಿದರೆ ಜೀವಕ್ಕೂ ಅಪಾಯ. ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಇತ್ತೀಚೆಗೆ ಕೀಲಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಇದರ ಸಾಧ್ಯತೆ ಹೆಚ್ಚು. ಇಂಥವರಲ್ಲಿ ಜ್ವರ ಕಾಣಿಸದೆಯೂ ಇರಬಹುದು. ವೈದ್ಯರು ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಆಂಟಿಬಯೋಟಿಕ್ ಶುರುವಾಗಬೇಕು. ಮೊದಲೇ ಎರಡು ಗುಳಿಗೆ ನುಂಗಿ ಹೋದರೆ ಆ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಇತ್ತು ಅಂತ ಗೊತ್ತಾಗದೆ ಹೋಗಬಹುದು. ಎಣ್ಣೆ ತಿಕ್ಕುವುದು, ಬಿಸಿ ಇಟ್ಟಂಗಿಯಿಂದ ಕಾವು ಕೊಡುವುದು, ಎರಡೂ ಬೇಡ.

## ಒಂದೊಂದೇ ಬೇನೆ

ಅವ್ವನ ಮೊಣಕಾಲಾಗ ಕಟಕಟ ಸಪ್ಪಳ ಬರ್ತದ. ಗ್ರೀಸ್ ಮುಗದದ ಅಂತಾರ, ಖರೆ ಏನ್ರಿ?

ಗ್ರೀಸ್ ಎನ್ನುವುದು ಅಂಗಡಿ ಮಾತು. ಕೀಲಿನ ಎರಡು ಎಲುಬಿನ ತುದಿಗೆ ಇರುವ ಮೃದ್ವಸ್ಥಿಯ ಪದರ ತೆಳುವಾಗಿ, ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆದು, ಸುತ್ತಲಿನ ಸ್ನಾಯು ಸೊರಗಿದಾಗ ಆಗುವುದು ಆಸ್ಟಿಯೋಆರ್ಥ್ರೈಟಿಸ್. ನೋವಿಲ್ಲದ ಬರಿ ಸಪ್ಪಳಕ್ಕೆ ಏನೂ ಮಾಡಬೇಕಾಗಿಲ್ಲ.

ಇದರಲ್ಲಿ ಗುಳಿಗೆಗಿಂತ ತೊಡೆಯ ಸ್ನಾಯು ಗಟ್ಟಿ ಮಾಡುವುದೇ ದೊಡ್ಡ ಮದ್ದು, ಆದರೆ ಅದನ್ನು ಮಾಡುವವರು ಕಡಿಮೆ. ಕ್ರಮ ಹೀಗೆ: ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಡಿ. ಮೊಣಕಾಲಿನಿಂದ ಟವೆಲನ್ನು ಕೆಳಗೆ ಒತ್ತಿ 5 ಸೆಕೆಂಡ್ ಹಿಡಿದು ಬಿಡಿ, 10ರಿಂದ 15 ಸಲ. ಆಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಅಡಿ ಎತ್ತಿ 5 ಸೆಕೆಂಡ್ ಹಿಡಿಯಿರಿ, 10 ಸಲ. ಮೂರನೆಯದು, ಕೈ ಊರದೆ ಕುರ್ಚಿಯಿಂದ ಎದ್ದು ಕೂಡುವುದು, 10 ಸಲ. ದಿನಕ್ಕೆ ಎರಡು ಹೊತ್ತು. ಮೊದಲ ಎರಡು ವಾರ ಸ್ವಲ್ಪ ನೋವು ಹೆಚ್ಚಾದಂತೆ ಅನಿಸುತ್ತದೆ, ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫಲ ಕಾಣಲು 6ರಿಂದ 8 ವಾರ ಬೇಕು. ವ್ಯಾಯಾಮದ ನೋವು ಮರುದಿನದವರೆಗೂ ಉಳಿದರೆ ಸಂಖ್ಯೆ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ.

ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ. ಕುಕ್ಕರಗಾಲಲ್ಲಿ ಕೂತು ಒಲೆ ಮುಂದೆ ಕೆಲಸ, ನೆಲದ ಮೇಲೆ ಚಕ್ಕಳಮಕ್ಕಳ, ತಗ್ಗಿನ ಸಂಡಾಸು, ಈ ಮೂರನ್ನು ಬದಲಿಸಿದರೆ ನೋವು ತಗ್ಗುತ್ತದೆ. ನೋವಿಗೆ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡುವುದು ಹೊಟ್ಟೆಗೂ ಕಿಡ್ನಿಗೂ ಕ್ಷೇಮ. ಕೀಲಿಗೆಂದು ಮಾರುವ ಗ್ಲುಕೋಸಮೈನ್ ಡಬ್ಬಿಗೆ ತಿಂಗಳು ತಿಂಗಳು ಹಣ ಸುರಿಯುವುದು ದಂಡ.

ಮುಂಜಾನೆ ರೊಟ್ಟಿ ಬಡಿಲಾಕ ಆಗವಲ್ದು, ಕೈ ಮುಷ್ಟೀನ ಮಾಡಲಾಕ ಬರವಲ್ದು. ವಯಸ್ಸು ಇನ್ನ 35 ಅದರಿ.

ಜೋಳದ ರೊಟ್ಟಿ ಬಡಿಯುವುದರಲ್ಲಿ ಮಣಿಕಟ್ಟು, ಬೆರಳ ಬುಡ, ಹೆಬ್ಬೆರಳು ಮೂರೂ ಕೆಲಸ ಮಾಡುತ್ತವೆ. ಎಲ್ಲಿ ತಡೆಯುತ್ತದೆ ಅನ್ನುವುದೇ ಸುಳಿವು. ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ, ಡಬ್ಬಿ ಮುಚ್ಚಳ ತಿರುವುವಾಗ ಹೆಬ್ಬೆರಳ ಬುಡವೊಂದೇ ಚುಚ್ಚಿದರೆ ಅದು ಸವೆತ, ಸಾಮಾನ್ಯವಾಗಿ ಐವತ್ತರ ಆಚೆ. ಅಂಗೈ ತಟ್ಟಿದ ಕೂಡಲೇ ಎರಡೂ ಮಣಿಕಟ್ಟು ನೊಂದು, ಬೆರಳ ಬುಡದ ಗೆಣ್ಣುಗಳ ನಡುವಿನ ತಗ್ಗು ಬಾವಿನಿಂದ ಮುಚ್ಚಿಹೋಗಿ, ಅದೇ ಕೈ ಮಧ್ಯಾಹ್ನದ ಅಡಿಗೆಗೆ ಸರಿಯಾದರೆ ರುಮಟಾಯ್ಡ್ ಅನುಮಾನ ಗಟ್ಟಿ.

ಇನ್ನೊಂದು ಪರೀಕ್ಷೆ: ಯಾರಾದರೂ ನಿಮ್ಮ ನಾಲ್ಕು ಬೆರಳ ಬುಡವನ್ನು ಎರಡೂ ಪಕ್ಕದಿಂದ ಮೆಲ್ಲಗೆ ಅದುಮಲಿ. ಕೈಕುಲುಕಿದಷ್ಟು ಒತ್ತಡಕ್ಕೇ ಜೀವ ಹೋದಂತಾದರೆ ತಡಮಾಡಬೇಡಿ. ಬಾವು 6 ವಾರ ದಾಟಿದರಂತೂ ಪರೀಕ್ಷೆ ಆಗಲೇಬೇಕು. ರೋಗ ಶುರುವಾದ ಮೊದಲ 3ರಿಂದ 6 ತಿಂಗಳಲ್ಲಿ ಸರಿಯಾದ ಔಷಧಿ ಸಿಕ್ಕವರಿಗೂ ಎರಡು ವರ್ಷ ಬಿಟ್ಟು ಬಂದವರಿಗೂ ಅಜಗಜಾಂತರ.

ರುಮಟಾಯ್ಡ್ ಹೆಂಗಸರಲ್ಲಿ ಗಂಡಸರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಇದು ಕೀಲಿಗಷ್ಟೇ ನಿಲ್ಲುವ ಕಾಯಿಲೆಯೂ ಅಲ್ಲ. ರಕ್ತ ಕಡಿಮೆಯಾಗುವುದು, ಶ್ವಾಸಕೋಶ ಗಟ್ಟಿಯಾಗುವುದು, ಕಣ್ಣು ಒಣಗುವುದು, ಹೃದಯಾಘಾತದ ಅಪಾಯ ಏರುವುದು ಎಲ್ಲವೂ ಇದರೊಂದಿಗೆ ಬರಬಹುದು.

ಹಡದ ಮೂರು ತಿಂಗಳಿಗೆ ಕೈಕಾಲು ಹಿಡದಾವ. ಬಾಣಂತನದಾಗ ಥಂಡಿ ಹತ್ಯದ ಅಂತಾರ್ರೀ.

ಥಂಡಿಗೆ ಗೆಣ್ಣು ಬಾಯುವುದಿಲ್ಲ. ರುಮಟಾಯ್ಡ್ ಇರುವ ಹಲವರಿಗೆ ಬಸಿರಿನಲ್ಲಿ ಬೇನೆ ತಗ್ಗಿ, ಹೆರಿಗೆಯಾದ ಕೆಲವು ವಾರ-ತಿಂಗಳಲ್ಲಿ ಜೋರಾಗಿ ಮರಳುತ್ತದೆ. ಕೆಲವರಿಗೆ ಮೊದಲ ಸಲ ಕಾಣಿಸಿಕೊಳ್ಳುವುದೂ ಆಗಲೇ. ಕಿವಿಗೆ ಹತ್ತಿ, ಸಾಂಬ್ರಾಣಿ ಕಾವು, ಖಾರದ ಪಥ್ಯದಲ್ಲಿ ಆರು ತಿಂಗಳು ಕಳೆದುಹೋದರೆ ಮೇಲೆ ಹೇಳಿದ ಆ ಅಮೂಲ್ಯ ಸಮಯ ಮುಗಿದಂತೆಯೇ. ಬಾವು ಇಲ್ಲದೆ ಮೈಯೆಲ್ಲ ನೋವಿದ್ದರೆ ಥೈರಾಯ್ಡ್ ಮತ್ತು ವಿಟಮಿನ್ ಡಿ ನೋಡಿಸಿ. ಕೀಲುನೋವಿನ ಜೊತೆ ಕೂದಲು ಉದುರುವುದು, ಬಾಯಿಹುಣ್ಣು, ಬಿಸಿಲಿಗೆ ಕೆನ್ನೆ ಕೆಂಪಾಗುವುದು ಇದ್ದರೆ ಲೂಪಸ್ (ರೋಗನಿರೋಧಕ ಶಕ್ತಿ ದೇಹದ ಮೇಲೇ ಬೀಳುವ ಇನ್ನೊಂದು ಕಾಯಿಲೆ) ಪರೀಕ್ಷೆ, ಮೂತ್ರ ಪರೀಕ್ಷೆ ಎರಡೂ ಬೇಕು. ಲೂಪಸ್ ಕೀಲನ್ನು ಸೊಟ್ಟ ಮಾಡುವುದಕ್ಕಿಂತ ಮೊದಲು ಕಿಡ್ನಿ ಕೆಡಿಸಬಹುದು.

ರಾತ್ರೋರಾತ್ರಿ ಕಾಲ ಹೆಬ್ಬೆರಳು ಬಾತು, ಹೊದಿಕಿ ತಾಕಿದ್ರೂ ಜೀವ ಹೋಗ್ತದ. ಇದೇನ್ರಿ?

ಗೌಟ್ ಇರಬಹುದು. ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ 6.8 ಮಿ.ಗ್ರಾಂ ದಾಟಿದರೆ ಅದು ಕರಗಿ ನಿಲ್ಲದೆ ಹರಳಾಗುತ್ತದೆ. ಕಾಲಿನ ತುದಿ ದೇಹದ ತಣ್ಣನೆಯ ಭಾಗ, ಹರಳು ಅಲ್ಲಿ ಮೊದಲು ಕೂರುತ್ತದೆ. ನೋವು ಒಂದು ದಿನದೊಳಗೆ ತುತ್ತತುದಿಗೇರಿ, ಮದ್ದಿಲ್ಲದಿದ್ದರೂ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಯಾವುದೋ ಲೇಪ ಹಚ್ಚಿ ಗುಣವಾಯಿತು ಅನ್ನುವವರ ಗುಟ್ಟು ಇದೇ.

ನಮ್ಮ ಬೇಸಿಗೆಗೂ ಇದಕ್ಕೂ ನಂಟಿದೆ. ಬಿಸಿಲು 42 ಡಿಗ್ರಿ ದಾಟಿದಾಗ ಬೆವರಿ ನೀರು ಕುಡಿಯದೆ ಇದ್ದರೆ ಯೂರಿಕ್ ಆಸಿಡ್ ಏರುತ್ತದೆ. ಬೀರು, ಲಿವರ್, ಬೋಟಿ, ಸಿಹಿ ಸೋಡಾ ಬಾಟಲಿ, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಗುಳಿಗೆ, ಹೃದಯಕ್ಕೆ ಕೊಡುವ ಸಣ್ಣ ಆಸ್ಪಿರಿನ್ ಕೂಡ ಏರಿಸುತ್ತವೆ. ಗುಳಿಗೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬಾರದು.

ನೋವು ಬಂದ ದಿನ ಐಸ್ ಇಡಿ, ಕಾಲು ಎತ್ತರಕ್ಕೆ ಇಡಿ, ನೀರು ಕುಡಿಯಿರಿ. ವೈದ್ಯರು ಗೌಟ್ ದಾಳಿ ಇಳಿಸುವ ಕೋಲ್ಚಿಸಿನ್ ಗುಳಿಗೆ ಕೊಡುವುದಾದರೆ 1 ಮಿ.ಗ್ರಾಂ, ಒಂದು ತಾಸಿನ ಮೇಲೆ 0.5 ಮಿ.ಗ್ರಾಂ. ಮೊದಲ ಒಂದೂವರೆ ದಿನದೊಳಗೆ ತೆಗೆದುಕೊಂಡರೆ ಚೆನ್ನಾಗಿ ನಾಟುತ್ತದೆ. ಭೇದಿ ಶುರುವಾದರೆ ನಿಲ್ಲಿಸಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಬೇರೆ. ಮೊಣಕಾಲು ಅಥವಾ ಮಣಿಕಟ್ಟಿನಲ್ಲಿ ಇದೇ ರೀತಿ ದಿಢೀರ್ ಬಾವು ಅರವತ್ತು ದಾಟಿದವರಿಗೆ ಬಂದರೆ ಅದು ಕ್ಯಾಲ್ಸಿಯಂ ಹರಳಿನ ಸ್ಯೂಡೋಗೌಟ್ ಇದ್ದೀತು. ಅದಕ್ಕೆ ಯೂರಿಕ್ ಆಸಿಡ್ ಗುಳಿಗೆ ವ್ಯರ್ಥ.

ಯೂರಿಕ್ ಆಸಿಡ್ ಅದ ಅಂತ ತೊಗರಿ ಬ್ಯಾಳಿ ಬಿಡಸ್ಯಾರ. ಬ್ಯಾಳಿ ಇಲ್ದ ನಮ್ಮ ಊಟ ಹ್ಯಾಂಗರಿ?

ಬಿಡಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಮೇಲೆ ಈ ಆರೋಪ ಸುಮ್ಮನೆ ಬಂದದ್ದು. ಬೇಳೆಯಲ್ಲಿ, ಪಾಲಕದಲ್ಲಿ ಪ್ಯೂರಿನ್ (ಮೈಯಲ್ಲಿ ಯೂರಿಕ್ ಆಸಿಡ್ ಆಗುವ ವಸ್ತು) ಇರುವುದು ನಿಜ. ಆದರೆ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದಾಗ ಮಾಂಸ, ಮೀನು, ಬೀರು ಗೌಟ್ ಹೆಚ್ಚಿಸಿದವು, ಸಸ್ಯಮೂಲದ ಪ್ಯೂರಿನ್ ಹೆಚ್ಚಿಸಲಿಲ್ಲ. ಕೊಬ್ಬು ಕಡಿಮೆಯಿರುವ ಹಾಲು-ಮೊಸರು ಯೂರಿಕ್ ಆಸಿಡ್ ಇಳಿಸುವ ಕಡೆಗೇ ಇವೆ. ಬೇಳೆ ಬಿಟ್ಟ ಬಡವರ ಮನೆಯಲ್ಲಿ ಪ್ರೊಟೀನ್ ಎಲ್ಲಿಂದ ಬರಬೇಕು? ಸ್ನಾಯು ಸೊರಗಿ ಮೊಣಕಾಲು ಇನ್ನಷ್ಟು ಕೆಡುತ್ತದೆ. ಕಿಡ್ನಿ ಕಾಯಿಲೆ ಮುಂದುವರಿದವರ ಪಥ್ಯ ಮಾತ್ರ ಬೇರೆ. ಅಂದಹಾಗೆ, ಮೊಣಕಾಲು ಗಟ್ಟಿಯಾಗಲಿ ಎಂದು ಪಾಯಾ (ಕಾಲಿನ ಸೂಪು) ಕುಡಿಯುವವರು ಗೌಟ್ ಇದ್ದರೆ ಅದನ್ನು ನಿಲ್ಲಿಸಲಿ. ಹುಳಿ ಬಿಡಬೇಕು, ಬದನೆಕಾಯಿ ಬಿಡಬೇಕು ಅನ್ನುವ ಮಾತಿಗೆ ಆಧಾರವಿಲ್ಲ.

ಮಗಗ 24 ವರ್ಷ. ಸೊಂಟ ಹಿಡದು ನಸುಕಿನ್ಯಾಗ ಎಬ್ಬಸ್ತದ, ಓಡಾಡಿದ್ರ ಕಡಿಮಿ ಆಗ್ತದ. ಡಿಸ್ಕ್ ಅಂತಾರ.

ಡಿಸ್ಕ್ ನೋವು ಮಲಗಿದರೆ ಇಳಿಯುತ್ತದೆ, ಭಾರ ಎತ್ತಿದರೆ ಏರುತ್ತದೆ. ಇಲ್ಲಿ ತಿರುಗುಮುರುಗು ಆಗಿದೆ. ನಲವತ್ತೈದರೊಳಗೆ ಶುರುವಾಗಿ 3 ತಿಂಗಳು ಮೀರಿದ, ರಾತ್ರಿಯ ಕೊನೆಯ ಜಾವಕ್ಕೆ ಎಬ್ಬಿಸುವ, ವಿಶ್ರಾಂತಿಗೆ ಬಗ್ಗದ ಸೊಂಟನೋವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಪೃಷ್ಠದ ನೋವು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಹಿಮ್ಮಡಿ ನೋವು, ಕಣ್ಣು ಕೆಂಪಾಗಿ ಬೆಳಕು ಸಹಿಸದಿರುವುದು ಜೊತೆಗಿದ್ದರೆ ಅನುಮಾನ ಹೆಚ್ಚು. ಕಣ್ಣಿನ ತೊಂದರೆ ಬಂದರೆ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳೇ ಹಿಡಿಯುತ್ತವೆ. ಬರೆಸುವುದಾದರೆ ಸ್ಯಾಕ್ರೋಇಲಿಯಾಕ್ ಕೀಲಿನ (ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಕೂಡುವ ಜಾಗ) ಎಂಆರ್‌ಐ ಬರೆಸಿ, ಬರಿ ಸೊಂಟದ್ದಲ್ಲ. ಎಚ್‌ಎಲ್‌ಎ-ಬಿ27 ಎಂಬ ಜೀನ್ ಪರೀಕ್ಷೆ ಪಾಸಿಟಿವ್ ಬಂದ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದೇ ಇಲ್ಲ, ಆದ್ದರಿಂದ ಆ ಕಾಗದವೊಂದನ್ನೇ ಹಿಡಿದು ಹೆದರಬೇಡಿ.

ಚರ್ಮಕ್ಕ ಸೋರಿಯಾಸಿಸ್ ಅದ, ಈಗ ಬೆರಳೂ ಬಾತಾವ. ಎರಡಕ್ಕೂ ಸಂಬಂಧ ಅದೇನ್ರಿ?

ಇದೆ. ಇಡೀ ಬೆರಳು ಒಂದೇ ಸಮ ಊದಿಕೊಳ್ಳುವುದು, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು, ಉಗುರ ಪಕ್ಕದ ಗೆಣ್ಣಿನ ನೋವು ಸೋರಿಯಾಟಿಕ್ ಅರ್ಥ್ರೈಟಿಸ್‌ನ ಗುರುತು. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಇದರಲ್ಲಿ ಸಾಮಾನ್ಯವಾಗಿ ನೆಗೆಟಿವ್. ಚರ್ಮದ ವೈದ್ಯರಿಗೆ ಕೀಲಿನ ಮಾತು, ಕೀಲಿನ ವೈದ್ಯರಿಗೆ ಚರ್ಮದ ಮಾತು ಹೇಳಲು ಮರೆಯಬೇಡಿ.

## ಕೀಲುಬೇನೆಯಂತೆ ಕಾಣುವ, ಈ ಸೀಮೆಯಲ್ಲಿ ನೆನಪಿಡಬೇಕಾದವು

ಚಿಕೂನ್‌ಗುನ್ಯಾ ಆಗಿ ನಾಲ್ಕ ತಿಂಗಳಾತು, ಇನ್ನ ಕೈಕಾಲು ಹಿಡೀತಾವ. ಇದು ರುಮಟಾಯ್ಡ್ ಆಗ್ತದೇನ್ರಿ?

2006ರ ಚಿಕೂನ್‌ಗುನ್ಯಾ ನೆನಪಿರುವವರಿಗೆ ಗೊತ್ತು, ಜ್ವರ ಹೋದರೂ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಮಣಿಕಟ್ಟು, ಬೆರಳು, ಕಾಲಿನ ಹರಡು ಎರಡೂ ಕಡೆ ಹಿಡಿಯುವುದರಿಂದ ನೋಡಲು ಥೇಟು ರುಮಟಾಯ್ಡ್. ವ್ಯತ್ಯಾಸ ಏನೆಂದರೆ ದಿಢೀರನೆ ಜ್ವರದೊಂದಿಗೆ ಶುರುವಾಗಿರುತ್ತದೆ, ಓಣಿಯಲ್ಲಿ ಇನ್ನೂ ನಾಲ್ಕು ಜನರಿಗೆ ಆಗಿರುತ್ತದೆ, ಆಂಟಿ-ಸಿಸಿಪಿ (ರುಮಟಾಯ್ಡ್ ಪತ್ತೆಯ ರಕ್ತಪರೀಕ್ಷೆ) ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ, ಮತ್ತು ಬಹುತೇಕರಿಗೆ ಕ್ರಮೇಣ ಇಳಿಯುತ್ತದೆ. 12 ವಾರ ದಾಟಿಯೂ ಬಾವು ಉಳಿದರೆ ರುಮಟಾಯ್ಡ್ ಪರೀಕ್ಷೆ ಮಾಡಿಸಿ. ಜ್ವರದ ಮೊದಲ ದಿನಗಳಲ್ಲಿ ಡೆಂಗಿ ಅಲ್ಲ ಅಂತ ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ, ರಕ್ತಸ್ರಾವದ ಅಪಾಯವಿದೆ.

ನಮ್ಮ ಊರಾಗ ಬಹಳ ಮಂದಿಗಿ ಸೊಂಟ, ಮೊಣಕಾಲು ಬಿಗದಾವ. ನೀರಿಂದ ಅಂತಾರ, ಖರೆನಾ?

ಆಗಿರಬಹುದು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕೂ ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಎಲುಬು ದಪ್ಪಗಾಗಿ ಸ್ನಾಯುರಜ್ಜು ಕಲ್ಲಾಗುತ್ತದೆ. ನಿಂತು ಕಾಲ ಹೆಬ್ಬೆರಳು ಮುಟ್ಟಲು, ಗದ್ದ ಎದೆಗೆ ತಾಗಿಸಲು, ಎರಡೂ ಕೈ ತಲೆಯ ಹಿಂದೆ ಕಟ್ಟಲು ಆಗುತ್ತದೋ ನೋಡಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಇದ್ದರೆ ನೀರಿನ ಅನುಮಾನ ಬಲವಾಗುತ್ತದೆ. ಗ್ರಾಮ ಪಂಚಾಯ್ತಿ ಮೂಲಕ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ನೀರು ಕಳಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಾಢವಾಗುತ್ತದೆ. ಆರ್‌ಒ ಘಟಕದ ನೀರನ್ನು ಕುಡಿಯಲಷ್ಟೇ ಅಲ್ಲ, ಬೇಳೆ ಬೇಯಿಸಲು, ಹಿಟ್ಟು ನಾದಲು ಕೂಡ ಬಳಸಬೇಕು.

ಕುರಿ ಕಾಯಾವರಿಗಿ ಸಂಜಿ ಜ್ವರ, ಬೆವರು, ಸೊಂಟ ನೋವು ವಾರಗಟ್ಟಲೆ. ಟೈಫಾಯ್ಡ್ ಮದ್ದಿಗಿ ಬಗ್ಗವಲ್ದು.

ಬ್ರುಸೆಲ್ಲೋಸಿಸ್ ಪರೀಕ್ಷೆ ಕೇಳಿ ಮಾಡಿಸಿ. ಕಂದು ಹಾಕಿದ ಕುರಿ-ಮೇಕೆಯ ಮಾಸು ಬರಿಗೈಯಲ್ಲಿ ಎತ್ತುವುದು, ಹಸಿಹಾಲು ಕುಡಿಯುವುದು ಇದರ ದಾರಿ. ದೇವಣಿ ದನ, ಎಮ್ಮೆ ಸಾಕುವ ಬೀದರ್ ಕಡೆಯವರಿಗೂ ಈ ಮಾತು ಸಲ್ಲುತ್ತದೆ. ಸೊಂಟದ ಕೀಲು, ಬೆನ್ನುಮೂಳೆ, ಮೊಣಕಾಲು ಹಿಡಿಯುತ್ತದೆ. ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ ಕನಿಷ್ಠ 6 ವಾರ, ಬೆನ್ನುಮೂಳೆಗೆ ಹತ್ತಿದ್ದರೆ ಇನ್ನೂ ಹೆಚ್ಚು. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮರಳುತ್ತದೆ. ಇದೇ ಲಕ್ಷಣದೊಂದಿಗೆ ತೂಕ ಇಳಿಯುತ್ತಿದ್ದರೆ ಅಥವಾ ಒಂದೇ ಕೀಲು ತಿಂಗಳುಗಟ್ಟಲೆ ಬಾತಿದ್ದರೆ ಎಲುಬಿನ ಕ್ಷಯವನ್ನೂ ನೋಡಿಸಬೇಕು.

ಹುಡುಗಗ ಇವತ್ತ ಮೊಣಕಾಲು, ನಾಳಿ ಹರಡು, ನಾಡದ ಮೊಣಕೈ ಬಾಯ್ತದ. ಬೆಳಿಯೋ ಬ್ಯಾನಿ ಏನ್ರಿ?

ಬೆಳೆಯುವ ನೋವಿಗೆ ಬಾವು ಇರುವುದಿಲ್ಲ. 5ರಿಂದ 15 ವರ್ಷದ ಮಗುವಿಗೆ ಗಂಟಲುನೋವು ಬಂದು ಎರಡು-ಮೂರು ವಾರದ ಮೇಲೆ ಬಾವು ಕೀಲಿಂದ ಕೀಲಿಗೆ ಹಾರಿದರೆ ರುಮ್ಯಾಟಿಕ್ ಜ್ವರ. ಕೀಲು ಪೂರ್ತಿ ವಾಸಿಯಾಗುತ್ತದೆ, ಕೆಡುವುದು ಹೃದಯದ ಕವಾಟ. ಎಎಸ್‌ಒ (ಗಂಟಲು ಸೋಂಕಿನ ಗುರುತು ಹುಡುಕುವ ರಕ್ತಪರೀಕ್ಷೆ) ಮತ್ತು ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ಮಾಡಿಸಿ. ಎಕೋಗೆ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ. ಖಚಿತವಾದರೆ 3 ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ವರ್ಷಗಟ್ಟಲೆ ತಪ್ಪದೆ ಆಗಬೇಕು, ಜಾತ್ರೆ, ಸುಗ್ಗಿ ಅಂತ ಒಂದು ಸಲವೂ ಮುಂದೂಡುವಂತಿಲ್ಲ. ಬಾವು ಹಾರದೆ ಒಂದೆರಡು ಕೀಲಿನಲ್ಲೇ 6 ವಾರ ನಿಂತರೆ ಅದು ಮಕ್ಕಳ ಅರ್ಥ್ರೈಟಿಸ್. ಅದರಲ್ಲಿ ಕಣ್ಣು ಕೆಂಪಾಗದೆಯೂ ಒಳಗೊಳಗೇ ಕೆಡುವುದರಿಂದ ಕಣ್ಣಿನ ತಪಾಸಣೆ ಕಡ್ಡಾಯ.

## ಪರೀಕ್ಷೆ ಮತ್ತು ಔಷಧಿ

ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದದ. ಅಂದ್ರ ರುಮಟಾಯ್ಡ್ ಖಾತ್ರಿ ಆದಂಗೇನ್ರಿ?

ಇಲ್ಲ. ರುಮಟಾಯ್ಡ್ ಇರುವ 100 ಜನರಲ್ಲಿ 70-80 ಜನರಿಗಷ್ಟೇ ಅದು ಪಾಸಿಟಿವ್ ಬರುತ್ತದೆ. ಕ್ಷಯ, ಹೆಪಟೈಟಿಸ್ ಸಿ ಇದ್ದವರಿಗೆ, ಆರೋಗ್ಯವಂತ ವೃದ್ಧರಿಗೂ ಪಾಸಿಟಿವ್ ಬರಬಹುದು. ಬಾವೇ ಇಲ್ಲದವರಿಗೆ ಈ ಪರೀಕ್ಷೆ ಬರೆಯುವುದರಿಂದ ಗೊಂದಲವೇ ಹೆಚ್ಚು. ಆಂಟಿ-ಸಿಸಿಪಿ ಹೆಚ್ಚು ನಂಬಿಕೆಗೆ ಅರ್ಹ. ಇಎಸ್‌ಆರ್, ಸಿಆರ್‌ಪಿ ಉರಿಯೂತ ಎಷ್ಟಿದೆ ಅನ್ನುತ್ತವೆ, ಯಾವ ಕಾಯಿಲೆ ಅನ್ನುವುದಿಲ್ಲ. ಔಷಧಿ ನಾಟುತ್ತಿದೆಯೋ ಇಲ್ಲವೋ ನೋಡಲು ಆರ್‌ಎ ಫ್ಯಾಕ್ಟರನ್ನು ಮೂರು ತಿಂಗಳಿಗೊಮ್ಮೆ ಮಾಡಿಸುವುದು ಹಣ ಪೋಲು.

ಯೂರಿಕ್ ಆಸಿಡ್ 7.5 ಅದ, ಬ್ಯಾನಿ ಏನೂ ಇಲ್ಲ. ಗುಳಿಗಿ ಬೇಕೇನ್ರಿ?

ಸಾಮಾನ್ಯವಾಗಿ ಬೇಡ. ತೂಕ, ಕುಡಿತ, ರಕ್ತದೊತ್ತಡ ಸರಿಮಾಡಿಕೊಳ್ಳಿ. ತದ್ವಿರುದ್ಧವಾಗಿ, ಗೌಟ್ ದಾಳಿಯ ದಿನ ಯೂರಿಕ್ ಆಸಿಡ್ ಮಾಮೂಲಾಗಿ ಬರಬಹುದು. ನೋವು ಇಳಿದ ಎರಡು ವಾರದ ಮೇಲೆ ಮತ್ತೆ ನೋಡಬೇಕು.

ಗೌಟಿಗಿ ಅಲೋಪ್ಯೂರಿನಾಲ್ ತಗೊಂಡ ಮ್ಯಾಲ ಬ್ಯಾನಿ ಇನ್ನೂ ಜಾಸ್ತಿ ಆತು. ಬಿಟ್ಟಬಿಡಲೇನ್ರಿ?

ಬಿಡಬೇಡಿ. ಅದು ಯೂರಿಕ್ ಆಸಿಡ್ ಇಳಿಸುವ ಗುಳಿಗೆ. ಹಳೆಯ ಹರಳು ಕರಗುವಾಗ ಮೊದಲ ಕೆಲವು ತಿಂಗಳು ದಾಳಿ ಹೆಚ್ಚುತ್ತದೆ, ಅದಕ್ಕೇ 3ರಿಂದ 6 ತಿಂಗಳು ಸಣ್ಣ ಪ್ರಮಾಣದ ಕೋಲ್ಚಿಸಿನ್ ಜೊತೆಗೆ ಕೊಡುತ್ತಾರೆ. 100 ಮಿ.ಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಶುರುಮಾಡಿ, ಕೆಲ ವಾರಕ್ಕೊಮ್ಮೆ ಏರಿಸುತ್ತ ಯೂರಿಕ್ ಆಸಿಡ್ 6ರ ಕೆಳಗೆ ತರಬೇಕು. 100ಕ್ಕೇ ನಿಂತು ವರ್ಷಗಟ್ಟಲೆ ನುಂಗುವುದು ನಾವು ಕಾಣುವ ದೊಡ್ಡ ತಪ್ಪು. ಒಂದೇ ಒಂದು ಸಂದರ್ಭದಲ್ಲಿ ತಕ್ಷಣ ನಿಲ್ಲಿಸಿ ದವಾಖಾನೆಗೆ ಓಡಬೇಕು: ಮೈಮೇಲೆ ಗಂಧೆ ಎದ್ದರೆ, ಬಾಯಿ-ಕಣ್ಣು ಹುಣ್ಣಾದರೆ.

ಊರಾಗಿನ ಡಾಕ್ಟರ್ ಸೂಜಿ ಮಾಡಿದ್ರ ಎಂಟ ದಿನ ಕುದರಿ ಓಡಿದಂಗ ಓಡ್ತೀನಿ. ಅದ ಛಲೋ ಅಲ್ಲೇನ್ರಿ?

ಅಷ್ಟು ಬೇಗ ಅಷ್ಟು ಆರಾಮ ಕೊಡುವುದು ಸ್ಟೆರಾಯ್ಡ್. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಗುಳಿಗೆಯಲ್ಲೂ ಅದೇ ಬೆರೆತಿರಬಹುದು. ಅದು ಬಾವು ಇಳಿಸುತ್ತದೆ, ರುಮಟಾಯ್ಡನ್ನು ಒಳಗೆ ಬೆಳೆಯಲು ಬಿಡುತ್ತದೆ. ತಿಂಗಳುಗಟ್ಟಲೆ ಆದರೆ ಮುಖ ದುಂಡಗಾಗಿ, ಸಕ್ಕರೆ ಏರಿ, ಎಲುಬು ಟೊಳ್ಳಾಗಿ, ಚರ್ಮ ಮುಟ್ಟಿದರೆ ಹರಿಯುವಂತಾಗುತ್ತದೆ. ಹಾಗಂತ ಬಹುದಿನದಿಂದ ತೆಗೆದುಕೊಳ್ಳುತ್ತಿದ್ದವರು ದಿಢೀರ್ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರುತ್ತದೆ, ವೈದ್ಯರ ಲೆಕ್ಕದಂತೆ ಇಳಿಸಬೇಕು. ಡೈಕ್ಲೋಫೆನಾಕ್ ಸೂಜಿ-ಗುಳಿಗೆಯ ಕಥೆ ಬೇರೆ: ಮೇ ತಿಂಗಳ ಬಿಸಿಲಲ್ಲಿ ಹೊಲದಿಂದ ಬೆವರಿ ಬಂದು, ನೀರು ಕುಡಿಯದೆ ಅದನ್ನು ತೆಗೆದುಕೊಂಡರೆ ಕಿಡ್ನಿಗೆ ರಕ್ತ ಸಾಲದೆ ಕೆಡುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಬೇಗ.

ಮೆಥೋಟ್ರೆಕ್ಸೇಟ್ ಕ್ಯಾನ್ಸರ್ ಗುಳಿಗಿ ಅಂತ ಮೆಡಿಕಲ್‌ನವರು ಅಂದ್ರು. ಹೆದರಿ ಬಿಟ್ಟೀನ್ರಿ.

ಕ್ಯಾನ್ಸರಿಗೆ ಕೊಡುವ ಪ್ರಮಾಣವೇ ಬೇರೆ. ರುಮಟಾಯ್ಡಿಗೆ ವಾರಕ್ಕೆ 7.5ರಿಂದ 25 ಮಿ.ಗ್ರಾಂ, ಕೀಲು ಸೊಟ್ಟಗಾಗುವುದನ್ನು ತಡೆಯುವುದರಲ್ಲಿ ಇದೇ ಮುಂಚೂಣಿಯ ಔಷಧಿ. ಹೆದರಬೇಕಾದ್ದು ಒಂದಕ್ಕೇ: ವಾರಕ್ಕೊಮ್ಮೆ ತೆಗೆದುಕೊಳ್ಳುವುದನ್ನು ದಿನಾಲೂ ನುಂಗಿದರೆ ರಕ್ತಕಣ ಕುಸಿದು ಸಾವೂ ಆಗಬಹುದು. ವಾರದಲ್ಲಿ ಒಂದೇ ದಿನ ಗೊತ್ತುಮಾಡಿ, ಉದಾಹರಣೆಗೆ ಸೋಮವಾರ, ಗುಳಿಗೆಯ ಪಟ್ಟಿಯ ಮೇಲೆ ಪೆನ್ನಿನಿಂದ ಬರೆಯಿರಿ. ಓದಲು ಬಾರದವರಿದ್ದರೆ ಮನೆಯ ಒಬ್ಬರೇ ಕೊಡಲಿ, ಉಳಿದ ದಿನ ಪಟ್ಟಿ ಅವರ ಹತ್ತಿರವೇ ಇರಲಿ. ಫೋಲಿಕ್ ಆಸಿಡ್ ಬೇರೆ ದಿನ. ಅಂಗಡಿಯಲ್ಲಿ 2.5, 7.5, 10 ಮಿ.ಗ್ರಾಂ ಗುಳಿಗೆಗಳು ಸಿಗುತ್ತವೆ, ಪ್ರತಿ ಸಲ ಕೊಂಡಾಗ ಅಂಕಿ ನೋಡಿ.

ಪೂರ್ತಿ ಫಲಕ್ಕೆ 6ರಿಂದ 12 ವಾರ. ಮೊದಲ 3 ತಿಂಗಳು 2ರಿಂದ 4 ವಾರಕ್ಕೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕ್ರಿಯಾಟಿನಿನ್ ಪರೀಕ್ಷೆ. ಬಾಯಿಹುಣ್ಣು, ಜ್ವರ, ಒಣಕೆಮ್ಮು-ದಮ್ಮು ಬಂದರೆ ಆ ವಾರದ ಗುಳಿಗೆ ನಿಲ್ಲಿಸಿ ತೋರಿಸಿ. ಕುಡಿತ ಬೇಡ. ಮೂತ್ರದ ಸೋಂಕಿಗೆ ಯಾರಾದರೂ ಕೋಟ್ರೈಮಾಕ್ಸಜೋಲ್ ಬರೆದರೆ ಮೆಥೋಟ್ರೆಕ್ಸೇಟ್ ಇರುವುದನ್ನು ಹೇಳಿ, ಎರಡೂ ಕೂಡಿದರೆ ಅಪಾಯ. ಮಗು ಬೇಕೆನ್ನುವವರು ಕನಿಷ್ಠ 3 ತಿಂಗಳು ಮೊದಲೇ ನಿಲ್ಲಿಸಬೇಕು. ರುಮಟಾಯ್ಡಿನ ಬೇರೆ ಗುಳಿಗೆಗಳಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಬಸಿರಿನಲ್ಲೂ ನಡೆಯುತ್ತವೆ.

ಬಯಾಲಜಿಕ್ ಸೂಜಿ ಅಂತಾರಲ್ಲ, ಅದು ಯಾರಿಗಿ?

ಬಯಾಲಜಿಕ್ ಅಂದರೆ ಉರಿಯೂತ ಹುಟ್ಟಿಸುವ ಒಂದು ಅಂಶವನ್ನೇ ಗುರಿಯಿಟ್ಟು ತಡೆಯುವ ಔಷಧಿ. ಮೆಥೋಟ್ರೆಕ್ಸೇಟ್ ಮತ್ತದರ ಜೊತೆಯ ಗುಳಿಗೆಗಳನ್ನು ಪೂರ್ಣ ಪ್ರಮಾಣದಲ್ಲಿ 3ರಿಂದ 6 ತಿಂಗಳು ಕೊಟ್ಟರೂ ಬಾವು ಬಗ್ಗದ ರುಮಟಾಯ್ಡಿಗೆ, ಮತ್ತು ನೋವಿನ ಗುಳಿಗೆಗೆ ಬಗ್ಗದ ಸ್ಪಾಂಡಿಲೈಟಿಸ್‌ಗೆ. ಸವೆತಕ್ಕೆ ಇದರಿಂದ ಏನೂ ಆಗದು. ಶುರುಮಾಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸುವಂತಿಲ್ಲ. ಮೈಯಲ್ಲಿ ಮಲಗಿರುವ ಕ್ಷಯವನ್ನು ಅಡಾಲಿಮುಮಾಬ್‌ನಂಥ ಔಷಧಿ ಎಬ್ಬಿಸಿಬಿಡುತ್ತದೆ. ಇಂಥವರಿಗೇ ಕೊಡುವ ಟೊಫಾಸಿಟಿನಿಬ್ ಗುಳಿಗೆ ಅಗ್ಗ, ಆದರೆ ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಮೊಣಕಾಲು ಬದಲಿ ಆಪರೇಷನ್ ಯಾವಾಗ ಮಾಡಸಬೇಕ್ರಿ?

ಎಕ್ಸ್‌ರೇ ನೋಡಿ ಅಲ್ಲ, ಬದುಕು ನೋಡಿ. ವ್ಯಾಯಾಮ, ತೂಕ, ಗುಳಿಗೆ ಎಲ್ಲ ಆದ ಮೇಲೂ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೆ ಓಡಾಡಲು ಆಗದು ಅಂದಾಗ. ಬದಲಿ ಕೀಲು ಬಹುಪಾಲು ಜನರಿಗೆ 20 ವರ್ಷ ಮೀರಿ ಬಾಳುತ್ತದೆ, ಆದ್ದರಿಂದ ಐವತ್ತರೊಳಗೆ ಅವಸರ ಬೇಡ. ಸಕ್ಕರೆ ಹತೋಟಿಯಲ್ಲಿರಬೇಕು, ಹುಳುಕು ಹಲ್ಲು, ಕಾಲಿನ ಹುಣ್ಣು ಮೊದಲು ವಾಸಿಯಾಗಬೇಕು, ಇಲ್ಲವಾದರೆ ಸೋಂಕು ಹೊಸ ಕೀಲಿಗೆ ಇಳಿಯುತ್ತದೆ. ನೆಲದ ಮೇಲೆ ಕೂಡುವುದು ಆಮೇಲೆ ಕಷ್ಟ. ಕಮೋಡ್ ಕಟ್ಟಿಸಿಯೇ ಆಸ್ಪತ್ರೆಗೆ ಹೋಗಿ. ಇಂಪ್ಲಾಂಟಿಗೆ 2017ರ ಆಗಸ್ಟ್‌ನಿಂದ ಸರ್ಕಾರದ ಬೆಲೆ ಮಿತಿ ಇದೆ, ಬಿಲ್ಲಿನಲ್ಲಿ ಅದರ ಬೆಲೆ ಪ್ರತ್ಯೇಕ ತೋರಿಸಲು ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಆಗುತ್ತದೋ ಅಂತ ಸರ್ಕಾರಿ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಬೇಕು.

ಯಾವ ಡಾಕ್ಟರ್ ಹಂತ್ಯಾಕ ಹೋಗಬೇಕು, ಏನೇನ್ ಒಯ್ಯಬೇಕ್ರಿ?

ಸವೆತ, ಪೆಟ್ಟು, ಆಪರೇಷನ್ನಿಗೆ ಎಲುಬು-ಕೀಲು ವೈದ್ಯರು. ಬಾವು, ಮುಂಜಾನೆ ಬಿಗಿತ, ಹಲವು ಕೀಲು ಅಂದರೆ ಮೆಡಿಸಿನ್ ವಿಭಾಗ, ಸಿಕ್ಕರೆ ರುಮಟಾಲಜಿಸ್ಟ್. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಲ್ಲಿ ಮೊದಲ ಪರೀಕ್ಷೆಗಳು ಆಗುತ್ತವೆ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರು ಅಲ್ಲಿ ಔಷಧಿ ಗೊತ್ತುಮಾಡಿಸಿಕೊಂಡು, ನಡುವಿನ ರಕ್ತಪರೀಕ್ಷೆಗಳನ್ನು ಇಲ್ಲೇ ಮಾಡಿಸಿಕೊಳ್ಳಬಹುದು.

ಹಳೆಯ ಚೀಟಿ, ರಕ್ತದ ವರದಿ ದಿನಾಂಕದ ಕ್ರಮದಲ್ಲಿ ಜೋಡಿಸಿ. ಎಕ್ಸ್‌ರೇ ಫಿಲ್ಮ್ ಮಡಚಬೇಡಿ. ತಿಂದು ಮುಗಿಸಿದ ಗುಳಿಗೆಯ ಖಾಲಿ ಪಟ್ಟಿ ಎಸೆಯದೆ ಒಯ್ಯಿರಿ, ಹೆಸರಿಲ್ಲದ ಪುಡಿ ಇದ್ದರೆ ಒಂದು ಪೊಟ್ಟಣ ಉಳಿಸಿಟ್ಟು ನಾಚದೆ ತೋರಿಸಿ. ಬಾವು ಜೋರಿದ್ದ ಮುಂಜಾನೆ ಎರಡೂ ಕೈ ಒಟ್ಟಿಗೆ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿ ಬಾವು ಅರ್ಧ ಇಳಿದಿರುತ್ತದೆ. ಹಿಂದಿನ ದಿನ ನೋವಿನ ಸೂಜಿ ಮಾಡಿಸಿಕೊಂಡಿದ್ದರೆ ಅದನ್ನೂ ಹೇಳಿ, ಇಲ್ಲದಿದ್ದರೆ ವೈದ್ಯರಿಗೆ ಕೈ ನೋಡಿದರೂ ಬೇನೆ ಕಾಣುವುದಿಲ್ಲ.